ಶಿರಾ ಶಾಸನಗಳ ನೆಲೆ ಮತ್ತು ಹೆಸರು: ಕಡತಗಳ ವಿಂಗಡಣೆಯನ್ನು ಕುರಿತ ಒಂದು ವಿಮರ್ಶೆ

ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೆರಡನೆಯ ಸಂಪುಟವು 1904ರಲ್ಲಿ ಪ್ರಕಟವಾಯಿತು. ತುಮಕೂರು ಜಿಲ್ಲೆಗೆ ಮೀಸಲಾದ ಈ ಸಂಪುಟದಲ್ಲಿ ಶಾಸನಗಳನ್ನು ತಾಲ್ಲೂಕುವಾರು ವಿಂಗಡಿಸಿ, ಆಯಾ ತಾಲ್ಲೂಕಿಗೆ ಪ್ರತ್ಯೇಕವಾಗಿ ಸಂಖ್ಯೆ ಕೊಡಲಾಗಿದೆ. ಸಂಪುಟ, ತಾಲ್ಲೂಕು, ಸಂಖ್ಯೆ ಈ ಮೂರನ್ನು ಹೇಳಿದರೆ ಸಾಕು, ಹನ್ನೆರಡು ಸಂಪುಟಗಳ ಸುಮಾರು 9,000 ಶಾಸನಗಳಲ್ಲಿ ಬೇಕಾದ ಒಂದೇ ಶಾಸನವನ್ನು ಓದುಗನು ತಲಪುತ್ತಾನೆ. ಇಂದು ಅಧ್ಯಾಪಕರೂ ವಿದ್ಯಾರ್ಥಿಗಳೂ ಶಾಸನಗಳ ಛಾಯಾಚಿತ್ರ, ಅಚ್ಚುಪ್ರತಿ, ಪಾಠಗಳನ್ನು ಗಣಕದಲ್ಲಿ ಕೂಡಿಡುತ್ತಿದ್ದಾರೆ. ಒಂದು ಶಾಸನಕ್ಕೆ ಹತ್ತು ಕಡತಗಳೆಂದರೂ ರಾಶಿಯು ತೊಂಬತ್ತು ಸಾವಿರವನ್ನು ಮುಟ್ಟುತ್ತದೆ. ಜಿಲ್ಲೆ, ತಾಲ್ಲೂಕು, ಗ್ರಾಮ ಎಂಬ ಕ್ರಮದಲ್ಲಿ ಇವನ್ನು ಇರಿಸುವುದೇ ವಾಡಿಕೆ. ಈ ವಾಡಿಕೆಯು ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ಪ್ರಕೃತ ವಿಚಾರಮಾಡೋಣ.

ಸ್ಥಳಕ್ರಮದ ಗುಣವನ್ನು ಮೊದಲು ಒಪ್ಪಿಕೊಳ್ಳಬೇಕು. ಊರಿನ ಹೆಸರನ್ನು ತಿಳಿದವನಿಗೆ ಶಾಸನವು ಬೇಗನೆ ದೊರೆಯುತ್ತದೆ. ನೆರೆಹೊರೆಯ ಶಾಸನಗಳು ಒಟ್ಟಿಗಿರುವುದರಿಂದ ಹೋಲಿಕೆಯೂ ಸುಲಭ. ಆದರೆ ಶಾಸನವು ನಿಂತ ನೆಲ ಸ್ಥಿರವಾಗಿದ್ದರೂ ಆಡಳಿತದ ಗಡಿ ಸ್ಥಿರವಲ್ಲ. ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿಯ ಶಾಸನಗಳು ರೈಸರ ಸಂಪುಟದಲ್ಲಿ ಶಿರಾ ವಿಭಾಗದಲ್ಲಿವೆ; ಆ ಊರಾದರೋ ಇಂದು ಆಂಧ್ರಪ್ರದೇಶದಲ್ಲಿದೆ. ಅದು ಸೇರಿದ್ದ ಅನಂತಪುರ ಜಿಲ್ಲೆಯನ್ನು 2022ರಲ್ಲಿ ಒಡೆದುದರಿಂದ ಈಗ ಅದು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರುತ್ತದೆ. ಕೊರಟಗೆರೆ ಅಂದು ಮಧುಗಿರಿಗೆ ಸೇರಿದ ಉಪತಾಲ್ಲೂಕು. ಇಂದು ಅದೇ ಒಂದು ತಾಲ್ಲೂಕು. ಗಡಿ ಬದಲಾದಂತೆಲ್ಲ ಕಡತಗಳನ್ನು ಎತ್ತಿಡುವವನು ಹಿಂದಿನ ಲೇಖನಗಳ ಅಡಿಟಿಪ್ಪಣಿಗಳನ್ನೆಲ್ಲ ಸುಳ್ಳಾಗಿಸುತ್ತಾನೆ. ಎತ್ತಿಡದವನು ಇಲ್ಲದ ತಾಲ್ಲೂಕಿನ ಹೆಸರನ್ನು ಉಳಿಸಿಕೊಳ್ಳುತ್ತಾನೆ.

ಸಂಖ್ಯೆಯನ್ನು ಬದಲಿಸಿದರೂ ಇದೇ ತೊಡಕು. ಶ್ರವಣಬೆಳಗೊಳದ ಸಂಪುಟವು 1889ರಲ್ಲಿ 144 ಶಾಸನಗಳೊಡನೆ ಹೊರಬಂದಿತು. ಆರ್. ನರಸಿಂಹಾಚಾರ್ಯರ 1923ರ ಪರಿಷ್ಕೃತ ಮುದ್ರಣದಲ್ಲಿ ಅವು 500 ಆದುವು. ಮಲ್ಲಿಷೇಣ ಪ್ರಶಸ್ತಿಯು ಮೊದಲನೆಯದರಲ್ಲಿ 54, ಎರಡನೆಯದರಲ್ಲಿ 67. ಪರಿಷ್ಕರಣದ ಹಿರಿಮೆ ನಿರ್ವಿವಾದ. ಆದರೂ ವಿದ್ವಾಂಸರು ಅಂದಿನಿಂದ ಎರಡು ಸಂಖ್ಯೆಗಳನ್ನು ಹೊತ್ತು ನಡೆಯಬೇಕಾಗಿದೆ.

ಈ ಸಂದರ್ಭದಲ್ಲಿ, 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಆರಂಭಿಸಿದ ಯೂನಿಕ್ಸ್ ವ್ಯವಸ್ಥೆಯ ಕಡತವಿನ್ಯಾಸವು ಗಮನಾರ್ಹವಾಗಿದೆ. ಅಲ್ಲಿ ಕಡತವು ಡೈರೆಕ್ಟರಿಯ ‘ಒಳಗೆ’ ಇರುವುದಿಲ್ಲ. ಕಡತದ ವಿವರವೆಲ್ಲ ‘ಐನೋಡ್’ ಎಂಬ ಸಂಖ್ಯೆಯುಳ್ಳ ದಾಖಲೆಯಲ್ಲಿರುತ್ತದೆ. ಡೈರೆಕ್ಟರಿಯೆಂಬುದು ಹೆಸರನ್ನೂ ಆ ಸಂಖ್ಯೆಯನ್ನೂ ಜೋಡಿಸಿದ ಪಟ್ಟಿ ಮಾತ್ರ. ಆದುದರಿಂದ ಒಂದೇ ಕಡತಕ್ಕೆ ಹಲವು ಪಟ್ಟಿಗಳಲ್ಲಿ ಹಲವು ಹೆಸರುಗಳಿರಬಹುದು. ವಸ್ತು ಒಂದು, ಅದನ್ನು ತಲಪುವ ದಾರಿಗಳು ಅನೇಕ. ನಮ್ಮ ವಾಡಿಕೆಯು ಮರೆತಿರುವುದು ಈ ಭೇದವನ್ನೇ. ಐನೋಡ್ ಸಂಖ್ಯೆಯಾದರೋ ಆ ಒಂದು ಡಿಸ್ಕಿನ ಕಡತವ್ಯವಸ್ಥೆಗೆ ಮಾತ್ರ ಸೀಮಿತವಾದದ್ದು. ಶಾಸನದ ಸ್ಥಿರಸಂಖ್ಯೆಯನ್ನು ನಾವೇ ಕೊಡಬೇಕು.

ಹೆಸರಿನ ವಿಷಯದಲ್ಲಿ ಕನ್ನಡಿಗರಿಗೆ ಇನ್ನೊಂದು ಎಚ್ಚರಿಕೆ ಅವಶ್ಯಕ. ಯುನಿಕೋಡಿನಲ್ಲಿ ‘ಕೊ’ ಎಂಬಲ್ಲಿನ ಒಕಾರವನ್ನು ಒಂದೇ ಸಂಕೇತವಾಗಿಯೂ, ಎರಡು ಸಂಕೇತಗಳ ಜೋಡಿಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಲಿನಕ್ಸ್ ಸಾಮಾನ್ಯವಾಗಿ ಎರಡನ್ನೂ ಬೇರೆ ಹೆಸರುಗಳೆಂದೇ ಎಣಿಸುತ್ತದೆ. ಹೀಗೆ ಒಂದು ಕೊರಟಗೆರೆ ಎರಡಾಗಬಹುದು. ಜೊತೆಗೆ ಹೆಸರಿಗೆ ಅಲ್ಲಿರುವ ಮಿತಿ 255 ಬೈಟು. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟು ಬೇಕಾಗುವುದರಿಂದ 85 ಸಂಕೇತಗಳಿಗೇ ಅದು ಮುಗಿಯುತ್ತದೆ. ದೀರ್ಘವಾದ ವರ್ಣನಾತ್ಮಕ ಹೆಸರುಗಳಿಗೆ ಇದು ಸಾಲದು.

ಇಷ್ಟರಿಂದ ನಮ್ಮ ಅಭಿಮತವು ಹೀಗಿದೆ. ಪ್ರತಿ ಶಾಸನಕ್ಕೂ ಅರ್ಥವನ್ನು ಹೊರದ, ಎಂದೂ ಬದಲಾಗದ ಒಂದು ಸಂಖ್ಯೆಯಿರಲಿ. ‘004217’ ಎಂಬಂತೆ ಸೊನ್ನೆಗಳನ್ನು ತುಂಬಿ ಬರೆದರೆ ಪಟ್ಟಿಯಲ್ಲಿ ಹತ್ತು ಎರಡಕ್ಕಿಂತ ಮುಂಚೆ ಬರುವ ಅಭಾಸ ತಪ್ಪುತ್ತದೆ. ಒಂದೇ ಡೈರೆಕ್ಟರಿಯಲ್ಲಿ ಎಲ್ಲವನ್ನೂ ಸುರಿಯದೆ ಸಾವಿರಕ್ಕೊಂದರಂತೆ ಹಂಚಬೇಕು. ಹಳೆಯ ಎಕ್ಸ್ಟ್3 ವ್ಯವಸ್ಥೆಯಲ್ಲಿ ಒಂದು ಡೈರೆಕ್ಟರಿಗೆ ಸುಮಾರು 32,000 ಉಪಡೈರೆಕ್ಟರಿಗಳ ಮಿತಿಯಿತ್ತು. ಎಕ್ಸ್ಟ್4ರಲ್ಲಿ ಆ ಕಟ್ಟು ಸಡಿಲಿದರೂ ಲಕ್ಷ ಹೆಸರುಗಳ ಪಟ್ಟಿಯನ್ನು ಓದುವ ಮನುಷ್ಯನ ಕಷ್ಟ ಸಡಿಲಿಲ್ಲ. ತಾಲ್ಲೂಕು, ರಾಜವಂಶ, ಶತಮಾನ ಎಂಬ ವಿಂಗಡಣೆಗಳನ್ನು ಕೇವಲ ಕೊಂಡಿಗಳಿಂದ ರಚಿಸಬೇಕು. ರೈಸರ ಸಂಖ್ಯೆಯೂ ಅಂಥ ಒಂದು ಕೊಂಡಿಯಾಗಿ ಉಳಿಯಬೇಕು.

ಗಣಕವೇ ಹುಡುಕಿಕೊಡುವಾಗ ಈ ಶ್ರಮವೇಕೆ ಎಂಬ ಆಕ್ಷೇಪ ಬರಬಹುದು. ಹುಡುಕುವುದಕ್ಕೆ ಪಾಠ ಬೇಕು. ಸವೆದ ಕಲ್ಲಿನ ಚಿತ್ರಕ್ಕೆ ಇನ್ನೂ ಪಾಠವಿಲ್ಲದಿರುವಾಗ ಹೆಸರೊಂದೇ ಗತಿ. ಅಲ್ಲದೆ ಹುಡುಕಿ ಕಂಡದ್ದನ್ನು ಇನ್ನೊಬ್ಬರಿಗೆ ತೋರಿಸುವುದಕ್ಕೂ ಹೆಸರೇ ಬೇಕು. ಹೇಮಾವತಿಯು ಶಿರಾ ತಾಲ್ಲೂಕಿನದಲ್ಲವೆಂದು ರೈಸರ ಸಂಖ್ಯೆಯನ್ನು ಯಾರೂ ತಿದ್ದಹೋಗಲಿಲ್ಲ. ಆದುದರಿಂದಲೇ 1904ರ ಉಲ್ಲೇಖವು ಇಂದಿಗೂ ಅದೇ ಕಲ್ಲನ್ನು ತೋರಿಸುತ್ತದೆ. ಆ ಸ್ಥೈರ್ಯವನ್ನು ನಮ್ಮ ಕಡತಗಳಿಗೂ ಉಳಿಸಿಕೊಡುವುದು ಸಂಶೋಧಕನ ಮೊದಲ ಕರ್ತವ್ಯವೆಂದು ನಾವು ಭಾವಿಸುತ್ತೇವೆ.