‘ತನ್ನ’ ಜಮೀನು ಅಂದರೆ ಯಾರದು? ಪ್ರಾಪರ್ಟಿ ಲಾ ಪಠ್ಯದ ಬಗ್ಗೆ ಒಂದು ತಕರಾರು

ಎಲ್‌ಎಲ್‌ಬಿಯಲ್ಲಿ ಪ್ರಾಪರ್ಟಿ ಲಾ ಕಡ್ಡಾಯ ವಿಷಯ. ಲಾ ಓದುತ್ತಿರುವ ಗೆಳೆಯನ ಪಠ್ಯಪುಸ್ತಕ, ಹಳೇ ಪ್ರಶ್ನೆಪತ್ರಿಕೆ ಎಲ್ಲ ಇಸ್ಕೊಂಡು ಓದಿದೆ. ಯಾಕೆ ಅಂತೀರಾ? ಊರಲ್ಲಿ ಜಮೀನು, ಬೆಂಗಳೂರಲ್ಲಿ ಹೋಮ್ ಲೋನು ಇಟ್ಕೊಂಡಿರೋ ನಮ್ಮಂಥವರು ಜೀವನದಲ್ಲಿ ಸಹಿ ಹಾಕೋ ಅತಿ ದೊಡ್ಡ ಕಾಗದ ಆಫರ್ ಲೆಟರ್ ಅಲ್ಲ, ಕ್ರಯಪತ್ರ. ಅದನ್ನ ಓದಿ ಹೇಳೋ ವಕೀಲರು ಕಾಲೇಜಲ್ಲಿ ಏನು ಕಲಿತು ಬರ್ತಾರೆ ಅನ್ನೋದು ನಮಗೂ ಸಂಬಂಧಪಟ್ಟ ವಿಷಯವೇ.

ಮೊದಲು ಒಳ್ಳೇದು ಹೇಳಿಬಿಡ್ತೀನಿ. ಪಠ್ಯದ ಬೆನ್ನೆಲುಬು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಇಷ್ಟು ಅಚ್ಚುಕಟ್ಟಾದ ಸ್ಪೆಸಿಫಿಕೇಶನ್ ನಮ್ಮ ಫೀಲ್ಡಲ್ಲೂ ಅಪರೂಪ. ಕೇಸು ನಡೀತಿರುವಾಗ ಜಮೀನು ಮಾರಿದರೆ ತೀರ್ಪು ಕೊಂಡವನಿಗೂ ಅಂಟಿಕೊಳ್ಳತ್ತೆ, ಅದು ಸೆಕ್ಷನ್ 52. ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಮನೆ, ಜಮೀನನ್ನ ನೋಂದಾಯಿತ ಪತ್ರದಿಂದ ಮಾತ್ರ ಮಾರಬಹುದು, ಅದು ಸೆಕ್ಷನ್ 54. ಆ ನೂರು ರೂಪಾಯಿ ಇವತ್ತಿಗೂ ನೂರೇ. ಇನ್ನೂ ಹುಟ್ಟದ ಮೊಮ್ಮಗನ ಹೆಸರಿಗೆ ಆಸ್ತಿಯನ್ನ ಎಷ್ಟು ಕಾಲ ಕಟ್ಟಿಹಾಕಬಹುದು ಅನ್ನೋದಕ್ಕೂ ಲೆಕ್ಕ ಇದೆ. ಓದೋಕೆ ಖುಷಿ ಆಗತ್ತೆ, ಸುಳ್ಳು ಹೇಳಲ್ಲ.

ನನ್ನ ತಕರಾರು ಒಂದೇ ಪದದ ಬಗ್ಗೆ. ಪರೀಕ್ಷೆಯ ಸಮಸ್ಯೆಗಳು ಶುರುವಾಗೋ ರೀತಿ ನೋಡಿ: ಎ ಎಂಬುವವನು ತನ್ನ ಜಮೀನನ್ನು ಬಿ ಎಂಬುವವನಿಗೆ ಮಾರುತ್ತಾನೆ. ಆಮೇಲಿನ ಪ್ರಶ್ನೆ ಎಲ್ಲ ಮಾರಿದ್ದರ ಬಗ್ಗೆ. ಆ ‘ತನ್ನ’ ಅನ್ನೋದನ್ನ ಯಾರೂ ಮುಟ್ಟಲ್ಲ. ನಮ್ಮೂರಲ್ಲಿ ಜಗಳ ಆಗೋದೇ ಅಲ್ಲಿ.

ಯಾಕಂದ್ರೆ ನಮ್ಮಲ್ಲಿ ‘ಇದು ಇವನದೇ’ ಅಂತ ಸರ್ಕಾರ ಗ್ಯಾರಂಟಿ ಕೊಡೋ ಕಾಗದವೇ ಇಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ನೋಂದಣಿ ಆಗೋದು ಪತ್ರ, ಮಾಲೀಕತ್ವ ಅಲ್ಲ. ತಾಲ್ಲೂಕು ಕಚೇರಿಯ ಪಹಣಿಯಲ್ಲಿರೋದು ಸರಿ ಅಂತ 1964ರ ಭೂಕಂದಾಯ ಕಾಯ್ದೆ ನಂಬಿಕೊಳ್ಳತ್ತೆ, ತಪ್ಪು ಅಂತ ಸಾಬೀತಾಗೋವರೆಗೆ ಮಾತ್ರ. ಸಿಟಿಯ ಖಾತೆ ಅಂದರೆ ತೆರಿಗೆಯ ಲೆಕ್ಕ. ನೆಲ ಎಲ್ಲಿಂದ ಎಲ್ಲಿಯವರೆಗೆ ಅನ್ನೋದು ಸರ್ವೆ ಇಲಾಖೆಯ ನಕ್ಷೆಯಲ್ಲಿ. ಕಾವೇರಿ, ಭೂಮಿ, ಮೋಜಿಣಿ ಅಂತ ಮೂರು ಕಡೆಗೂ ಸಾಫ್ಟ್‌ವೇರ್ ಬಂದಿದೆ. ಆದರೆ ಒಂದು ಸರ್ವೆ ನಂಬರಿನ ಪಹಣಿಯಲ್ಲಿ ಐದು ಹೆಸರು, ಮುಂದೆ ಎಕರೆ ಗುಂಟೆ ಲೆಕ್ಕ ಇದ್ದು, ಪೋಡಿ ಆಗಿಲ್ಲ ಅಂದ್ರೆ ಯಾರ ಎರಡು ಎಕರೆ ಯಾವ ಮೂಲೆಯಲ್ಲಿ ಅಂತ ಯಾವ ಸರ್ವರ್ ಹೇಳತ್ತೆ?

ಪಹಣಿಯನ್ನ ಗುಮಾಸ್ತರ ಕಾಗದ ಅಂತ ಪಕ್ಕಕ್ಕಿಡೋದು ಸುಲಭ. ಆದರೆ ಅದರ 9ನೇ ಕಾಲಂನಲ್ಲಿ ಮಾಲೀಕನ ಹೆಸರು, 12ರಲ್ಲಿ ಉಳುವವನ ಹೆಸರು ಇರತ್ತೆ. ದೇವರಾಜ ಅರಸು ಕಾಲದ ಭೂಸುಧಾರಣೆಯಲ್ಲಿ, 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರಕ್ಕೆ ಸೇರಿ, ಗೇಣಿದಾರರು ನಮೂನೆ 7 ಹಿಡಿದು ಭೂ ನ್ಯಾಯಮಂಡಳಿ ಮುಂದೆ ನಿಂತಾಗ, ಆ 12ನೇ ಕಾಲಂನಲ್ಲಿ ಹೆಸರು ಇದ್ದವನಿಗೂ ಇಲ್ಲದವನಿಗೂ ಎಷ್ಟು ವ್ಯತ್ಯಾಸ ಆಯ್ತು ಅಂತ ಯಾವ ಹಳ್ಳಿಯ ಅಜ್ಜನನ್ನ ಕೇಳಿದರೂ ಹೇಳ್ತಾರೆ. ಒಂದು ಕಾಲಂ ಒಂದು ಮನೆತನದ ಹಣೆಬರಹ ಬದಲಿಸಿದ್ದು ಪ್ರಾಪರ್ಟಿ ಲಾ ಅಲ್ಲದೆ ಇನ್ನೇನು?

ಉತ್ತರಾಧಿಕಾರದ ಪಾಠದ್ದೂ ಇದೇ ಕತೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಅಂತ ಕರ್ನಾಟಕ 1994ರಲ್ಲೇ ಹೇಳಿತು, ಆಗಿನ್ನೂ ಮದುವೆಯಾಗಿರದವರಿಗೆ ಮಾತ್ರ. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂತು. 2020ರಲ್ಲಿ ವಿನೀತಾ ಶರ್ಮಾ ಕೇಸಲ್ಲಿ ಸುಪ್ರೀಂ ಕೋರ್ಟು, ಈ ಹಕ್ಕು ಹುಟ್ಟಿನಿಂದಲೇ ಬರತ್ತೆ, 2005ರಲ್ಲಿ ಅಪ್ಪ ಬದುಕಿರಬೇಕು ಅಂತೇನಿಲ್ಲ ಅಂತು. ವಿದ್ಯಾರ್ಥಿಗಳು ಇದನ್ನ ಚೆನ್ನಾಗಿ ಬರೀತಾರೆ, ಪಾಲಿನ ಲೆಕ್ಕವನ್ನೂ ಸರಿಯಾಗಿ ಹಾಕ್ತಾರೆ. ಆದರೆ ಊರಲ್ಲಿ ನಡೆಯೋದು ಹಕ್ಕು ಬಿಡುಗಡೆ ಪತ್ರ. ಅಕ್ಕನನ್ನ ಕರೆಸಿ, ಹೊಸ ಸೀರೆ ಕೊಟ್ಟು, ಸಬ್ ರಿಜಿಸ್ಟ್ರಾರ್ ಮುಂದೆ ಕೂರಿಸಿ ಹೆಬ್ಬೆಟ್ಟು ಒತ್ತಿಸ್ತಾರೆ. ‘ತವರು ಬೇಕಾ, ಪಾಲು ಬೇಕಾ’ ಅಂತ ಯಾರೂ ಬಾಯಿಬಿಟ್ಟು ಕೇಳಬೇಕಾಗಿಲ್ಲ. ಕೋರ್ಟು ಕೊಟ್ಟ ಹಕ್ಕು ಅರ್ಧ ಗಂಟೆಯಲ್ಲಿ ಕೈಬಿಟ್ಟು ಹೋಗೋ ಆ ಪತ್ರಕ್ಕೆ ನಾನು ನೋಡಿದ ಪ್ರಶ್ನೆಪತ್ರಿಕೆಗಳಲ್ಲಿ ಒಂದು ಮಾರ್ಕಿನ ಜಾಗವೂ ಇಲ್ಲ.

ಇದು ಹಳ್ಳಿಯವರ ಗೋಳು ಮಾತ್ರ ಅಂದುಕೊಳ್ಳಬೇಡಿ. ಬೆಂಗಳೂರಲ್ಲಿ ‘ಲೀಸಿಗೆ ಮನೆ’ ಅಂತ ಹತ್ತು ಹದಿನೈದು ಲಕ್ಷ ಒಟ್ಟಿಗೆ ಕೊಟ್ಟು ಬಾಡಿಗೆ ಇಲ್ಲದೆ ಇರ್ತೀವಲ್ಲ, ಹಳ್ಳಿಯಲ್ಲಿ ಅದಕ್ಕೆ ಭೋಗ್ಯ ಅಂತಾರೆ. ದುಡ್ಡು ವಾಪಸ್ ಬರೋವರೆಗೆ ಬಡ್ಡಿ ಬದಲು ಆಸ್ತಿ ಅನುಭವಿಸೋದು. 1882ರ ಕಾಯ್ದೆ ಸೆಕ್ಷನ್ 58ರಲ್ಲಿ ಹೇಳೋ ಆರು ಬಗೆಯ ಅಡಮಾನದಲ್ಲಿ ಇದೂ ಒಂದು, ಮತ್ತು ಇದಕ್ಕೆ ನೋಂದಣಿ ಬೇಕು. ನಾವು ಮಾಡಿಸೋದು ಹನ್ನೊಂದು ತಿಂಗಳ ಅಗ್ರಿಮೆಂಟು. ಮಾಲೀಕ ಅದೇ ಮನೆಯ ಮೇಲೆ ಮೊದಲೇ ಬ್ಯಾಂಕ್ ಸಾಲ ಮಾಡಿ ಕಟ್ಟದೆ ಬಿಟ್ಟರೆ, 2002ರ ಸರ್ಫೇಸಿ ಕಾಯ್ದೆ ಹಿಡಿದು ಬ್ಯಾಂಕಿನವರು ಬಾಗಿಲಿಗೆ ಬರ್ತಾರೆ. ಆಗ ನಮ್ಮ ಕೈಯಲ್ಲಿ ಗಟ್ಟಿ ಕಾಗದ ಇರಲ್ಲ. ಸೆಕ್ಷನ್ 58ನ್ನ ಬಾಯಿಪಾಠ ಮಾಡಿದ ಹುಡುಗ ತಾನಿರೋ ಲೀಸ್ ಮನೆಯಲ್ಲಿ ಅದನ್ನ ಗುರುತು ಹಿಡಿಯದಿದ್ದರೆ ಓದಿ ಏನು ಬಂತು?

2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದ ಮೇಲೆ ವೀಕೆಂಡ್ ತೋಟದ ಆಸೆ ನಮ್ಮವರಿಗೆ ಜಾಸ್ತಿ. ಆ ತೋಟ ಪರಿಶಿಷ್ಟ ಜಾತಿ, ಪಂಗಡದ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ, 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದ ಮಾರಾಟ ನಿಲ್ಲಲ್ಲ. ಅದನ್ನ ಪತ್ತೆ ಮಾಡೋಕೆ ಹಳೇ ಮಂಜೂರಾತಿ ಕಡತ ತೆಗೆಸಬೇಕು. ಕೇವಲ ಇಸಿ ನೋಡಿ ‘ಕ್ಲಿಯರ್ ಟೈಟಲ್’ ಅನ್ನೋ ವಕೀಲರು ಕೊಂಡವನನ್ನೂ ಮುಳುಗಿಸ್ತಾರೆ, ಮೊದಲೇ ನೆಲ ಕಳಕೊಂಡ ಕುಟುಂಬವನ್ನೂ ಮರೀತಾರೆ.

ಇದಕ್ಕೆ ಉತ್ತರ ಗೊತ್ತು: ಕಾಲೇಜು ಕಲಿಸೋದು ತತ್ವ, ಪೋಡಿ ಪಹಣಿ ಎಲ್ಲ ಸೀನಿಯರ್ ಆಫೀಸಲ್ಲಿ ಕಲಿತುಕೊಳ್ತಾರೆ. ಒಪ್ಪೋಣ, ಅರ್ಜಿ ಬರೆಯೋದು ಅಲ್ಲಿ ಕಲೀಲಿ. ಆದರೆ ಮಾಲೀಕ ಯಾರು ಅನ್ನೋದು ಅರ್ಜಿಯ ವಿಷಯ ಅಲ್ಲ, ತತ್ವದಲ್ಲೇ ಮೊದಲನೇದು. ಅದನ್ನ ಸೀನಿಯರ್ ಆಫೀಸಿಗೆ ಬಿಟ್ಟರೆ, ಒಳ್ಳೇ ಸೀನಿಯರ್ ಸಿಕ್ಕವರಿಗಷ್ಟೇ ವಿದ್ಯೆ, ಉಳಿದವರಿಗೆ ಬ್ರೋಕರೇ ಗುರು.

ಪಠ್ಯ ಎಸೆಯಿರಿ ಅಂತ ನಾನು ಹೇಳ್ತಿಲ್ಲ. ಒಂದು ಪ್ರಶ್ನೆ ಸೇರಿಸಿ ಸಾಕು. ಮೂವತ್ತು ವರ್ಷದ ಪಹಣಿ, ಇಸಿ, ಒಂದು ಕ್ರಯಪತ್ರ, ವಂಶವೃಕ್ಷ, ಸರ್ವೆ ನಕ್ಷೆ ಕೊಡಿ. ಕೆಳಗೆ ಹೀಗೆ ಕೇಳಿ: ಈ ಜಮೀನು ಯಾರದು, ಯಾವ ಕಾಗದ ಸಾಲದು, ಯಾರ ಸಹಿ ಬಿಟ್ಟುಹೋಗಿದೆ? ಇಪ್ಪತ್ತು ಅಂಕ.