ಈರುಳ್ಳಿ ಹುಡುಗನ ಕತೆ

ಮಕ್ಕಳಿಗೆ ಅನ್ಯಾಯದ ಕತೆ ಹೇಳಹೊರಟವರು ಸಾಮಾನ್ಯವಾಗಿ ಉಪದೇಶಕ್ಕೆ ಇಳಿಯುತ್ತಾರೆ, ಇಲ್ಲವೇ ಅಳಿಸಿ ಸುಮ್ಮನಾಗುತ್ತಾರೆ. ಇಟಲಿಯ ಜಾನ್ನಿ ರೊದಾರಿ 1951ರಲ್ಲಿ ಬರೆದ ‘ಚಿಪೊಲ್ಲಿನೊ’ ಕಾದಂಬರಿ ನಗಿಸುತ್ತದೆ. ಶಾಲಾ ಮೇಷ್ಟ್ರಾಗಿದ್ದು ಪತ್ರಕರ್ತರಾದ ರೊದಾರಿ ಕಮ್ಯುನಿಸ್ಟರು. ಹಾಗಾಗಿ ಇದನ್ನು ಪಕ್ಷದ ಪುಸ್ತಕವೆಂದು ಬದಿಗಿಡುವವರೂ ಇದ್ದಾರೆ. ಓದಿದ ನಮಗೆ ಹಾಗೆನಿಸಲಿಲ್ಲ.

ಇಲ್ಲಿನ ಪಾತ್ರಗಳಲ್ಲಿ ಹೆಚ್ಚಿನವು ತರಕಾರಿ, ಹಣ್ಣುಗಳು. ಚಿಪೊಲ್ಲಿನೊ ಎಂದರೆ ಪುಟ್ಟ ಈರುಳ್ಳಿ. ಗುಂಪಿನ ನೂಕುನುಗ್ಗಲಿನಲ್ಲಿ ಅವನ ಅಪ್ಪ ನಿಂಬೆ ರಾಜಕುಮಾರನ ಕಾಲು ತುಳಿಯುತ್ತಾನೆ. ಅಷ್ಟಕ್ಕೇ ಜೀವಾವಧಿ ಜೈಲು. ಜೈಲಿನಲ್ಲಿರುವವರು ಪ್ರಾಮಾಣಿಕರು, ಲಫಂಗರು ಹೊರಗಿದ್ದಾರೆ ಎಂಬುದು ಮಗನಿಗೆ ಅಪ್ಪನಿಂದ ಸಿಗುವ ಮೊದಲ ಪಾಠ.

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಮುದಿ ಕುಂಬಳಕಾಯಿಯ ಮನೆಯ ಪ್ರಸಂಗ. ಹೊಟ್ಟೆ ಕಟ್ಟಿ ಒಂದೊಂದೇ ಇಟ್ಟಿಗೆ ಕೂಡಿಹಾಕಿ ಕಟ್ಟಿದ ಮನೆ, ಅವನೊಬ್ಬನೇ ಮುದುಡಿ ಕೂರುವಷ್ಟು ಚಿಕ್ಕದು. ಚೆರ್ರಿ ಜಮೀನ್ದಾರಿಣಿಯರ ಕಾರಭಾರಿ ಟೊಮೆಟೊ ಬಂದು, ಜಾಗ ಒಡತಿಯರದು, ಅಪ್ಪಣೆಯಿಲ್ಲದೆ ಕಟ್ಟಿದ್ದೀಯ ಎನ್ನುತ್ತಾನೆ. ಅಪ್ಪಣೆ ಕೊಟ್ಟಿದ್ದರು ಎನ್ನುತ್ತಾನೆ ಮುದುಕ. ಕೊಟ್ಟವರು ಸತ್ತು ಮೂವತ್ತು ವರ್ಷವಾಗಿದೆ. ಬಟಾಣಿ ವಕೀಲ ಕಾನೂನನ್ನು ಟೊಮೆಟೊನ ಕಡೆಗೇ ಓದುತ್ತಾನೆ. ಬಾಯಿಮಾತಿನ ಹಕ್ಕಿಗೆ ಸಾಕ್ಷಿ ಸತ್ತರೆ ಬಡವನ ಕೈಯಲ್ಲಿ ಏನುಳಿಯುತ್ತದೆ? ಈ ಪ್ರಶ್ನೆಯನ್ನು ಎಂಟು ವರ್ಷದ ಮಗುವೂ ಕೇಳಿಕೊಳ್ಳುವಂತೆ ಬರೆದಿದ್ದಾರೆ. ದೊಡ್ಡವರ ಎಷ್ಟೋ ಕಾದಂಬರಿಗಳಿಗೆ ಇದು ಸಾಧ್ಯವಾಗಿಲ್ಲ.

ಅಲ್ಲೇ ಹಾಸ್ಯವೂ ಇದೆ. ಸಿಟ್ಟಿನಲ್ಲಿ ಚಿಪೊಲ್ಲಿನೊನ ಜುಟ್ಟು ಹಿಡಿದೆಳೆದ ಟೊಮೆಟೊ ಬದುಕಿನಲ್ಲಿ ಮೊದಲ ಬಾರಿ ಅಳುತ್ತಾನೆ. ಅವನು ಎಂದೂ ಈರುಳ್ಳಿ ಹೆಚ್ಚಿದವನಲ್ಲ! ಅಡುಗೆಮನೆಗೆ ಕಾಲಿಡದ ಗಂಡಸರು ಇದನ್ನು ಎರಡು ಸಲ ಓದಬೇಕು.

ಕೋಟೆಯೊಳಗಿನ ಅನಾಥ ಹುಡುಗ ಚೆರ್ರಿಯ ಪಾತ್ರ ಇನ್ನೂ ಸೂಕ್ಷ್ಮವಾದುದು. ಶ್ರೀಮಂತ ಮನೆತನದವನಾದರೂ ಅವನಿಗೆ ಆಟವಿಲ್ಲ, ಗೆಳೆಯರಿಲ್ಲ. ‘ಮುಟ್ಟಬಾರದು, ಓಡಬಾರದು’ ಎಂಬ ಫಲಕಗಳನ್ನು ತೂಗುಹಾಕುವ ಮೇಷ್ಟ್ರು ಮಾತ್ರ ಇದ್ದಾನೆ. ಈ ಹುಡುಗ ಚಿಪೊಲ್ಲಿನೊನ ಗೆಳೆಯನಾಗುತ್ತಾನೆ. ಸಿರಿವಂತರೆಲ್ಲ ಹುಟ್ಟಾ ಕೆಟ್ಟವರೆಂದು ಬರೆದಿದ್ದರೆ ಪಕ್ಷದ ಪುಸ್ತಕವೆಂಬ ಆರೋಪವನ್ನು ನಾವೂ ಒಪ್ಪುತ್ತಿದ್ದೆವೋ ಏನೋ.

ಕೊರತೆಗಳೂ ಇವೆ. ಮೂಲಂಗಿ ಹುಡುಗಿ ಚುರುಕಾಗಿ ಬಂದು ಹೋಗುತ್ತಾಳೆ, ಆದರೆ ಉಪಾಯಗಳ ಬಹುಪಾಲು ಹುಡುಗರದೇ. ನಿಂಬೆಯ ಆಳ್ವಿಕೆ ಉರುಳುವುದೂ ಬಲು ಸಲೀಸು. ಗಾಳಿ, ಮಳೆಗೂ ತೆರಿಗೆ ಹಾಕಿದ ವ್ಯವಸ್ಥೆ ಕೆಲವು ಪುಟಗಳಲ್ಲಿ ಕರಗಿಹೋಗುತ್ತದೆ. ಕೊನೆಗೆ ಆ ಕೋಟೆ ಮಕ್ಕಳ ಆಟದ ಮನೆಯಾಗುತ್ತದೆ, ಶಾಲೆಯೂ ಅಲ್ಲೇ. ಕುಂಬಳಕಾಯಿ ಮುದುಕ ಕಳೆದುಕೊಂಡ ವರ್ಷಗಳ ಬಗ್ಗೆ ಇನ್ನೆರಡು ಮಾತು ಇರಬೇಕಿತ್ತು ಎಂದು ಪುಸ್ತಕ ಮುಚ್ಚುವಾಗ ನಮಗನಿಸಿತು.