ಕೊಳೆಯುತ್ತದೆ ಎಂದರೆ ಸಾಕೇ?

2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟಗಳಿಗೆ ದೇಶದಲ್ಲಿ ನಿಷೇಧವಿದೆ. ಕಾಂಪೋಸ್ಟ್ ಆಗುವ ಪ್ಲಾಸ್ಟಿಕ್‌ಗೆ ವಿನಾಯಿತಿ ಇದೆ. ಹಾಗಾಗಿ ‘ಜೈವಿಕವಾಗಿ ಕೊಳೆಯುತ್ತದೆ’ ಎಂಬ ಮುದ್ರೆಯನ್ನು ನೀವು ಆಗಾಗ ನೋಡಿರಬಹುದು. ಎಲ್ಲಿ ಕೊಳೆಯುತ್ತದೆ, ಎಷ್ಟು ದಿನದಲ್ಲಿ ಎಂದು ಹೇಳದ ಮುದ್ರೆ ಅರ್ಧ ಸತ್ಯ ಮಾತ್ರ.

ಇಂಥ ಪ್ಲಾಸ್ಟಿಕ್‌ಗಳಲ್ಲಿ ಮುಖ್ಯವಾದದ್ದು ಪಾಲಿಲ್ಯಾಕ್ಟಿಕ್ ಆಮ್ಲ (ಪಿ.ಎಲ್.ಎ.). ಮೆಕ್ಕೆಜೋಳದ ಪಿಷ್ಟವನ್ನು ಸಕ್ಕರೆಯಾಗಿಸಿ, ಬ್ಯಾಕ್ಟೀರಿಯಗಳಿಂದ ಹುದುಗಿಸಿದಾಗ ದೊರೆಯುವ ಲ್ಯಾಕ್ಟಿಕ್ ಆಮ್ಲವೇ ಇದರ ಮೂಲ. ಸುಮಾರು 60° ಸೆ. ಉಷ್ಣತೆಯಲ್ಲಿ ಇದು ಮೆತ್ತಗಾಗುತ್ತದೆ. ಬೇಗ ಕೊಳೆಯಲೂ ಬಹುಮಟ್ಟಿಗೆ ಅಷ್ಟೇ ಬಿಸಿ ಬೇಕು. ಐಎಸ್ಒ 17088 ಮಾನಕದಂತೆ ಸುಮಾರು 58° ಸೆ.ನಲ್ಲಿ ಪರೀಕ್ಷೆ ನಡೆಸುತ್ತಾರೆ; 180 ದಿನಗಳೊಳಗೆ ಶೇ. 90ರಷ್ಟು ಇಂಗಾಲ ಇಂಗಾಲದ ಡೈಆಕ್ಸೈಡ್ ಆಗಿ ಹೊರಬರಬೇಕು. ಕಡೂರಿನ ಚರಂಡಿಯಾಗಲಿ, ಅಜ್ಜಂಪುರದ ಹೊಲದ ಬದುವಾಗಲಿ ಆರು ತಿಂಗಳು ಅಷ್ಟು ಬಿಸಿಯಾಗಿರುವುದಿಲ್ಲ. ಅಲ್ಲಿ ಬಿದ್ದ ಪಿ.ಎಲ್.ಎ. ಲೋಟ ವರ್ಷಗಟ್ಟಲೆ ಉಳಿಯಬಲ್ಲದು.

ನಾರು ಬೆರೆಸಿದರೆ? ತೆಂಗು, ಅಡಕೆ ಬೆಳೆಯುವ ಈ ತಾಲ್ಲೂಕುಗಳಲ್ಲಿ ನಾರಿಗೆ ಕೊರತೆಯಿಲ್ಲ. ನಾರು ಸೇರಿದಷ್ಟೂ ಪ್ಲಾಸ್ಟಿಕ್ ಕಡಿಮೆ ಸಾಕು, ವಸ್ತು ಗಡುಸಾಗುತ್ತದೆ. ಆದರೆ ನಾರು ನೀರು ಹೀರುತ್ತದೆ, ಪ್ಲಾಸ್ಟಿಕ್ ಹೀರುವುದಿಲ್ಲ. ಹಾಗಾಗಿ ಎರಡೂ ಚೆನ್ನಾಗಿ ಅಂಟುವುದಿಲ್ಲ. ಅದಕ್ಕಾಗಿ ನಾರನ್ನು ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ನೆನೆಸುವುದುಂಟು. ಉಳಿದ ಕ್ಷಾರೀಯ ನೀರನ್ನು ಎಲ್ಲಿ ಚೆಲ್ಲುವುದೆಂಬುದೂ ಲೆಕ್ಕಕ್ಕೆ ಬರಬೇಕು. ಇನ್ನೊಂದು ಮಾತು: ನಾರು ಕೊಳೆತ ಮಾತ್ರಕ್ಕೆ ಅದನ್ನು ಹಿಡಿದಿಟ್ಟ ಪ್ಲಾಸ್ಟಿಕ್ ಕೊಳೆಯುವುದಿಲ್ಲ. ಪಾಲಿಪ್ರೊಪಿಲೀನ್‌ಗೆ ತೆಂಗಿನ ನಾರು ಬೆರೆಸಿದರೆ ಕೊನೆಗೆ ಮಣ್ಣಿನಲ್ಲಿ ಉಳಿಯುವುದು ಪ್ಲಾಸ್ಟಿಕ್ ಚೂರುಗಳೇ.

ಈಗ ತರೀಕೆರೆಯ ತೋಟದಲ್ಲಿ ಬಿದ್ದ ಅಡಕೆ ಹಾಳೆಯನ್ನು ನೋಡಿ. ಸೆಲ್ಯುಲೋಸ್ ನಾರುಗಳನ್ನು ಲಿಗ್ನಿನ್ ಹಿಡಿದಿಟ್ಟಿರುವ ಇದು ನಿಸರ್ಗವೇ ಮಾಡಿದ ಸಂಯೋಜಿತ ವಸ್ತು. ತೊಳೆದು, ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ ಸಿದ್ಧ, ಪ್ಲಾಸ್ಟಿಕ್ ಬೇಕಿಲ್ಲ. ಹಾಗೆಂದು ಇದಕ್ಕೆ ಪರೀಕ್ಷೆ ಬೇಡವೆಂದಲ್ಲ. ಅಡಕೆಯ ಆಲ್ಕಲಾಯ್ಡ್‌ಗಳು ಆಹಾರಕ್ಕೆ ಸೇರಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರಲ್ಲಿ ಇಂಥ ತಟ್ಟೆಗಳ ಆಮದಿಗೆ ತಡೆ ಒಡ್ಡಿತು. ಹಾಲು, ಎಣ್ಣೆ ತುಂಬುವ ಚೀಲವೂ ಹಾಳೆಯಿಂದ ಆಗದು. ಅಲ್ಲಿ ಜೈವಿಕ ಪ್ಲಾಸ್ಟಿಕ್ ಉಪಯುಕ್ತವಾಗಬಹುದು. ಆದರೆ ಬಳಸಿದ್ದನ್ನು ಬೇರೆಯಾಗಿ ಸಂಗ್ರಹಿಸಿ ಬಿಸಿ ಕಾಂಪೋಸ್ಟ್ ಘಟಕಕ್ಕೆ ಸಾಗಿಸುವ ಏರ್ಪಾಡು ಇದ್ದರೆ ಮಾತ್ರ.

ಶಿಕ್ಷಕರೇ, ಮುದ್ರೆಯನ್ನು ನಂಬುವ ಮೊದಲು ಮಕ್ಕಳಿಂದಲೇ ಪರೀಕ್ಷೆ ಮಾಡಿಸಿ. ಹಾಳೆ ತಟ್ಟೆ, ‘ಕೊಳೆಯುವ’ ಲೋಟ, ಸಾಮಾನ್ಯ ಪ್ಲಾಸ್ಟಿಕ್ ಇವುಗಳ ಒಂದೇ ಅಳತೆಯ ತುಂಡುಗಳನ್ನು ಒಣಗಿಸಿ, ತೂಗಿ, ಸೊಳ್ಳೆಪರದೆ ಬಟ್ಟೆಯ ಚೀಲಗಳಲ್ಲಿ ಹಾಕಿ ಶಾಲೆಯ ಗೊಬ್ಬರದ ಗುಂಡಿಯಲ್ಲಿ ಹೂತಿಡಿ. ಗುಂಡಿಯ ಉಷ್ಣತೆಯನ್ನು ವಾರಕ್ಕೊಮ್ಮೆ ಬರೆದಿಡಿ. ತಿಂಗಳಿಗೊಮ್ಮೆ ತುಂಡುಗಳನ್ನು ತೆಗೆದು, ತೊಳೆದು, ಒಣಗಿಸಿ, ಮತ್ತೆ ತೂಗಿ. ನಿಮ್ಮ ಊರಿನ ಮಣ್ಣು ಏನು ಹೇಳುತ್ತದೆಂಬುದು ಆ ಪಟ್ಟಿಯಿಂದ ತಿಳಿದೀತು.